ಎರಡು ಬೆರಳಿನ ಜೋಮು

13 ಜುಲೈ 2024, ಶನಿವಾರ
ಬದಿಯಡ್ಕ

ಬೆಳಗ್ಗಿನಿಂದ ಮಳೆ ಬಿಟ್ಟಿಲ್ಲ. ಅದರಲ್ಲೇ ಕಾಸರಗೋಡಿಗೆ ಹೋಗಿ ಡಾಕ್ಟರಿಗೆ ಕೈ ತೋರಿಸಿ ಬಂದೆ.

ಎರಡು ತಿಂಗಳಿಂದ ಎಡಗೈಯ ಕಿರುಬೆರಳು ಮತ್ತು ಉಂಗುರ ಬೆರಳಿಗೆ ಜೋಮು. ರಾತ್ರಿ ಜಾಸ್ತಿ. ಅಪ್ಪ ವಾಯು ಎಂದರು. ಭಾವ ಕುತ್ತಿಗೆ ಎಲುಬು ಸವೆದದ್ದು ಎಂದರು. ಎಡಗೈ ಅಲ್ವಾ, ನನಗೆ ಒಳಗೊಳಗೇ ಹಾರ್ಟಿನ ಹೆದರಿಕೆ.

ಡಾಕ್ಟರ್ "ತರಿಪ್ಪ್ ಉಂಡೋ?" (ಜೋಮು ಉಂಟಾ?) ಎಂದು ಮಲಯಾಳದಲ್ಲಿ ಕೇಳಿದರು. ಉಂಟು ಎಂದೆ. ಮೊಣಕೈಯ ಒಳಬದಿಯ ಗಂಟಿನ ಹಿಂದೆ ಮೆಲ್ಲಗೆ ತಟ್ಟಿದರು. ಕಿರುಬೆರಳ ತನಕ ಕರೆಂಟ್ ಹೊಡೆಯಿತು! ಬಾಗಿಲ ಮೂಲೆಗೆ ತಾಗಿದರೆ ಜುಂ ಅನ್ನುತ್ತದಲ್ಲ, ಅದೇ ಜಾಗ. ಕಿರುಬೆರಳಿಗೆ ಹೋಗುವ ಅಲ್ನಾರ್ ನರ ಅಲ್ಲಿ ಚರ್ಮದ ಕೆಳಗೇ ಹೋಗುತ್ತದೆ. ಆಮೇಲೆ ನನ್ನ ಬಸ್ ಟಿಕೆಟನ್ನೇ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿಸಿ ಎಳೆದರು. ಹೆಬ್ಬೆರಳು ಮಡಚದೆ ಹಿಡಿದೆ. ಸ್ನಾಯುವಿಗೆ ಇನ್ನೂ ಬಲ ಉಂಟಂತೆ. ಮೈಮೇಲೆ ಸ್ಪರ್ಶ ತಿಳಿಯದ ಕಲೆ ಇದೆಯಾ ಎಂದೂ ನೋಡಿದರು. ಕುಷ್ಠದಲ್ಲಿ ಇದೇ ನರ ದಪ್ಪವಾಗುತ್ತದೆ, ನಮ್ಮ ದೇಶದಲ್ಲಿ ಅದನ್ನು ನೋಡದೆ ಬಿಡಬಾರದು ಎಂದರು. ಎದೆ ಧಸಕ್ಕೆಂದಿತು. ಕಲೆ ಇರಲಿಲ್ಲ. ಮೊಣಕೈಯಲ್ಲಿ ಆ ನರ ಒತ್ತಿಹೋಗಿದೆ, ಅಷ್ಟೇ ಎಂದರು.

"ಇದು ಅಪರೂಪದ ಕಾಯಿಲೆಯಾ?" ಎಂದು ಕೇಳಿದೆ. ನಕ್ಕರು. ಕೈಯಲ್ಲಿ ನರ ಒತ್ತಿಹೋಗುವ ತೊಂದರೆಗಳಲ್ಲಿ ಮಣಿಕಟ್ಟಿನ ಕಾರ್ಪಲ್ ಟನಲ್ ಮೊದಲನೆಯದು, ಮೊಣಕೈಯದ್ದು ಎರಡನೆಯದು. ಇಟಲಿಯ ಸಿಯೆನಾ ಕಡೆ ಲೆಕ್ಕ ಹಾಕಿದಾಗ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 25 ಹೊಸಬರು ಸಿಕ್ಕಿದ್ದರಂತೆ. ಗಂಡಸರಲ್ಲಿ ಜಾಸ್ತಿ. ಬಸ್ಸಿನಲ್ಲಿ ಕೂತು ಸುಮ್ನೆ ಗುಣಿಸಿದೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಗೆ 13 ಲಕ್ಷ ಜನ. ಅದೇ ಲೆಕ್ಕ ಇಲ್ಲಿಗೂ ಹೊಂದಿದರೆ ವರ್ಷಕ್ಕೆ ಮುನ್ನೂರು ಚಿಲ್ಲರೆ. ಅದೂ ಡಾಕ್ಟರ ತನಕ ಹೋದವರು ಮಾತ್ರ. ನನ್ನ ಹಾಗೆ ವಾಯು ಎಂದು ಎಣ್ಣೆ ತಿಕ್ಕಿಕೊಂಡವರನ್ನು ಯಾರು ಎಣಿಸುತ್ತಾರೆ?

ಮೊಣಕೈ ಮಡಚಿದಷ್ಟೂ ನರ ಎಳೆಯುತ್ತದೆ, ಒತ್ತಡ ಏರುತ್ತದೆ. ನಾನು ಮಲಗುವುದೇ ಕೈ ಮಡಚಿ ತಲೆಯಡಿ ಇಟ್ಟು. ಅದಕ್ಕೆ ಮುಂಚೆ ಒಂದು ಗಂಟೆ ಮೊಬೈಲ್. ಹಗಲಿಗೆ ಜಗಲಿಯಲ್ಲಿ ಅಡಿಕೆ ಸುಲಿಯುವುದು. ಸದ್ಯಕ್ಕೆ ರಾತ್ರಿ ಮೊಣಕೈಗೆ ಟವೆಲ್ ಸುತ್ತಿ ಮಲಗಬೇಕು. ಕಡಿಮೆಯಾಗದಿದ್ದರೆ ನರದ ಪರೀಕ್ಷೆ. ಆಪರೇಷನ್ ಮಾತು ಈಗ ಬೇಡವಂತೆ.

ಸಂಜೆ ಬೀಡಿ ಕಟ್ಟುವ ಪಕ್ಕದ ಮನೆ ಅಕ್ಕನಿಗೆ ಹೇಳಿದೆ. "ನಂಗೂ ಅದೇ ಮಾರಾಯ, ವರ್ಷ ಮೂರಾಯ್ತು" ಎಂದರು.

"ಯಾವ ಬೆರಳು ಅಕ್ಕಾ?"

ಹೆಬ್ಬೆರಳು, ತೋರುಬೆರಳು, ನಡುಬೆರಳು ತೋರಿಸಿದರು. ಅದು ಮಣಿಕಟ್ಟಿನದ್ದಿರಬೇಕು, ನನ್ನದಲ್ಲ. ಚೀಟಿಯ ಹಿಂದೆ ಡಾಕ್ಟರ ಹೆಸರು ಬರೆದು ಕೊಟ್ಟೆ. "ಮಳೆ ಬಿಡಲಿ" ಎಂದರು.