ಗುಜರಿಯ ತಕ್ಕಡಿಗೆ ಹಾಕುವ ಮೊದಲು

ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ನಮ್ಮ ಹಳೆಯ ಮನೆಯ ಹೆಂಚು ಇಳಿಸಿ ಮಾಡು ರಿಪೇರಿ ಮಾಡಿಸಬೇಕಾಗಿ ಬಂದದ್ದರಿಂದ, ಕಳೆದ ಬೇಸಿಗೆಯಲ್ಲಿ ಮಳೆ ಹಿಡಿಯುವುದರೊಳಗೆ ಅಟ್ಟವನ್ನು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಿತ್ತು. ಮೂರು ತಲೆಮಾರಿನವರು ‘ಇರಲಿ, ಬೇಕಾದೀತು’ ಎಂದು ಮೇಲಕ್ಕೆ ಸಾಗಿಸಿದ್ದೆಲ್ಲ ಜಗುಲಿಗೆ ಇಳಿದು ಬಂತು: ಬಾಯಿ ಒಡೆದ ಭರಣಿಗಳು, ಕೊಳಗ, ಸೇರು, ಪಾವು, ತಳ ತೂತಾದ ತಾಮ್ರದ ಹಂಡೆ, ಕಾಲು ಮುರಿದ ಮಂಚ, ತುಕ್ಕು ಹಿಡಿದ ಎರಡು ಟ್ರಂಕು. ಶಿವಮೊಗ್ಗದಿಂದ ಎರಡು ದಿನದ ರಜೆ ಹಾಕಿ ಹೋಗಿದ್ದ ನನಗೆ ಎಲ್ಲವನ್ನೂ ಒಮ್ಮೆಲೇ ಸಾಗಹಾಕುವ ಅವಸರವಿತ್ತು. ಮೊದಲ ದಿನವೇ ಗುಜರಿಯವರನ್ನು ಕರೆಸಿ, ಹಿತ್ತಾಳೆಯ ರಾಶಿಯೆಂದು ತೋರಿದ್ದನ್ನು ಹಿತ್ತಾಳೆಯ ದರಕ್ಕೇ ತೂಗಿಸಿ ಕೊಟ್ಟುಬಿಟ್ಟೆ.

ಸಂಜೆ ದೊಡ್ಡಮ್ಮ ಬಂದು, “ಅಪ್ಪೆಹುಳಿ ಬಡಿಸುತ್ತಿದ್ದ ಬಟ್ಟಲು ಎಲ್ಲಿ?” ಎಂದು ಕೇಳಿದಾಗ ನಾನು ಮಾಡಿದ ತಪ್ಪು ತಿಳಿಯಿತು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಕಿಲುಬುತ್ತದೆ. ಹಾಗಾಗಿ ಹುಳಿ ಬಡಿಸುತ್ತಿದ್ದ ಆ ನಾಲ್ಕು ಬಟ್ಟಲುಗಳು ಹಿತ್ತಾಳೆಯಾಗಿರಲು ಸಾಧ್ಯವೇ ಇರಲಿಲ್ಲ, ಅವು ಕಂಚು. ಹಿತ್ತಾಳೆ ತಾಮ್ರಕ್ಕೆ ಸತು ಬೆರೆತದ್ದು, ಕಂಚು ತಾಮ್ರಕ್ಕೆ ತವರ ಬೆರೆತದ್ದು; ಸತುವಿಗಿಂತ ತವರ ಬಹಳ ದುಬಾರಿಯಾದ್ದರಿಂದ ಹಳೆಯ ಕಂಚಿಗೆ, ಅದು ಒಡೆದಿದ್ದರೂ, ಹಿತ್ತಾಳೆಗಿಂತ ಹೆಚ್ಚು ಬೆಲೆ. ದೊಡ್ಡಮ್ಮ ಉಳಿದಿದ್ದ ಒಂದು ಹರಿವಾಣವನ್ನು ಐದು ಬೆರಳುಗಳ ತುದಿಯ ಮೇಲೆ ಕೂರಿಸಿಕೊಂಡು ಅಂಚಿಗೆ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದರು. ಗಂಟೆಯಂತೆ ಎದ್ದ ಆ ನಾದ ಜಗುಲಿಯ ಕಂಬಗಳ ನಡುವೆ ಬಹಳ ಹೊತ್ತು ನಿಂತಿತು. ಪಕ್ಕದಲ್ಲಿದ್ದ ಹಿತ್ತಾಳೆಯ ತಟ್ಟೆಗೂ ಹಾಗೆಯೇ ಬಡಿದರು. ಠಣ್ಣೆಂದು ಅಲ್ಲಿಗೇ ನಿಂತಿತು. ಈ ಪರೀಕ್ಷೆಗೆ ಬೇಕಾದದ್ದು ಅರ್ಧ ನಿಮಿಷ. ನಾನು ಅದನ್ನು ಕಲಿಯುವಷ್ಟರಲ್ಲಿ ಬಟ್ಟಲುಗಳು ಆನಂದಪುರ ದಾಟಿರಬೇಕು.

ಮರುದಿನ ಗುಜರಿಯವರಿಗೆ ಬರಬೇಡಿ ಎಂದು ಹೇಳಿ, ಒಂದೊಂದನ್ನೂ ಕೈಗೆತ್ತಿಕೊಂಡು ನೋಡತೊಡಗಿದೆ. ಟ್ರಂಕಿನ ಮೂಲೆಯಲ್ಲಿ ಗಂಟು ಕಟ್ಟಿದ ಬಟ್ಟೆಯಲ್ಲಿ ಹದಿನೇಳು ರೂಪಾಯಿ ನಾಣ್ಯಗಳಿದ್ದವು. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತಾರೆಂಬ ವಿಡಿಯೊಗಳನ್ನು ನೋಡಿದ್ದ ತಮ್ಮನ ಮಗ ಆಗಲೇ ಬೈಕಿನ ಲೆಕ್ಕ ಹಾಕುತ್ತಿದ್ದ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹಳೆಯ ನೋಟು, ನಾಣ್ಯಗಳ ವ್ಯವಹಾರಕ್ಕೆ ಶುಲ್ಕ, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿದೆ. ಅಲ್ಲದೆ ಜಾಲತಾಣದಲ್ಲಿ ಕಾಣುವುದು ಮಾರುವವನು ಹೇಳುವ ಬೆಲೆಯೇ ಹೊರತು ಯಾರೋ ಕೊಟ್ಟ ಬೆಲೆಯಲ್ಲ. ನೋಡಬೇಕಾದದ್ದು ನಾಣ್ಯದ ಹರಾಜುಗಳಲ್ಲಿ ನಿಜವಾಗಿ ಬಿಕರಿಯಾದ ಮೊತ್ತವನ್ನು.

ನಾಣ್ಯವೇ ತನ್ನ ಬಗ್ಗೆ ಸಾಕಷ್ಟು ಹೇಳುತ್ತದೆ. ಏಳನೆಯ ಎಡ್ವರ್ಡ್ ಮತ್ತು ಐದನೆಯ ಜಾರ್ಜ್ ಕಾಲದ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತದೆ ಮತ್ತು ಅದರಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಯುದ್ಧಕಾಲದಲ್ಲಿ, 1940ರಿಂದ, ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ತೂಕ ಹಾಗೆಯೇ ಉಳಿದ ಕಾರಣ ತಕ್ಕಡಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಇಸವಿಯನ್ನೇ ಓದಬೇಕು. ಹುಲಿಯ ಚಿತ್ರವಿರುವ 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಅಯಸ್ಕಾಂತ ಹಿಡಿದರೆ ಟಕ್ಕನೆ ಅಂಟಿಕೊಳ್ಳುತ್ತದೆ. ನಮ್ಮ ಹದಿನೇಳರಲ್ಲಿ ಐದು ಹೀಗೆ ಅಂಟಿದವು, ಎಂಟರಲ್ಲಿ ಅರ್ಧ ಬೆಳ್ಳಿ, ನಾಲ್ಕು ಮಾತ್ರ ಹಳೆಯ ಬೆಳ್ಳಿ. ಆ ನಾಲ್ಕನ್ನೂ ಯಾವುದೋ ದೀಪಾವಳಿಯ ಲಕ್ಷ್ಮೀಪೂಜೆಗೆಂದು ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಹೊಳೆಯುವಂತೆ ತಿಕ್ಕಿದ್ದರು. ಸಂಗ್ರಾಹಕರು ಹಾಗೆ ತಿಕ್ಕಿದ ನಾಣ್ಯವನ್ನು ದೂರವಿಡುತ್ತಾರೆ, ಅದಕ್ಕೆ ಉಳಿಯುವುದು ಬೆಳ್ಳಿಯ ಬೆಲೆಯಷ್ಟೇ. ಬೈಕಿನ ಲೆಕ್ಕ ಅಲ್ಲಿಗೆ ಮುಗಿಯಿತು.

ತಾಮ್ರದ ತಂಬಿಗೆಯೊಂದನ್ನು ಕಂಡ ಪರಿಚಯದವರೊಬ್ಬರು, ಇದಕ್ಕೆ ಸಿಡಿಲು ಬಡಿದಿತ್ತೇ, ಅಕ್ಕಿಕಾಳನ್ನು ಎಳೆಯುತ್ತದೆಯೇ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಸಿಡಿಲು ಬಡಿದ ತಾಮ್ರ ಅಕ್ಕಿಯನ್ನು ಎಳೆಯುತ್ತದೆ, ಅದಕ್ಕೆ ಭಾರೀ ಬೆಲೆಯಿದೆ ಎಂದು ನಂಬಿಸುವ ‘ರೈಸ್ ಪುಲ್ಲಿಂಗ್’ ಎಂಬ ಈ ಮೋಸಕ್ಕೆ ಎಷ್ಟು ಮಂದಿ ಹಣ ಕಳೆದುಕೊಂಡರೂ ಅದು ಸಾಯುತ್ತಿಲ್ಲ.

ಮಂಚದ ವಿಷಯ ಬೇರೆ. ಹಳೆಯ ಮಂಚ ಕೊಟ್ಟರೆ ಹೊಸ ಪ್ಲೈವುಡ್ ಮಂಚ ಕೊಡುತ್ತೇವೆಂದು ಊರೂರು ತಿರುಗುವವರು ಧರ್ಮಕ್ಕೆ ಬರುವುದಿಲ್ಲ. ಕಾಣದ ಕಡೆ, ಪಟ್ಟಿಯ ಅಡಿಭಾಗದಲ್ಲಿ, ಬಡಗಿಯಿಂದ ಒಂದು ಎಳೆಯಷ್ಟು ಕೀಸಿಸಿ ನೋಡಿದಾಗ ಮಸಿಯ ಕೆಳಗಿನಿಂದ ನೇರಳೆಗಂದು ಬಣ್ಣವೂ ಕಪ್ಪು ಗೆರೆಗಳೂ ಕಾಣಿಸಿಕೊಂಡವು: ಬೀಟೆ. ಕಾಲು ಮುರಿದದ್ದು ಅಂಥ ದೊಡ್ಡ ದೋಷವೇನಲ್ಲ. ಇಂದು ಬೀಟೆಮರವನ್ನು ಮನಸ್ಸಿಗೆ ಬಂದಂತೆ ಕಡಿಯುವಂತಿಲ್ಲವಾದ್ದರಿಂದ ಹಳೆಯ ಸಾಮಾನಿನಲ್ಲಿರುವ ಮರಕ್ಕೇ ಬೇಡಿಕೆ.

ಬೆಲೆ ವಿಚಾರಿಸಲೇಬಾರದ ವಸ್ತುವೂ ಒಂದಿತ್ತು. ಮಲೆನಾಡಿನ ಅನೇಕ ಮನೆಗಳಂತೆ ನಮ್ಮಲ್ಲಿಯೂ ಗೋಡೆಗೆ ಹೊಡೆದಿದ್ದ ಕಡವೆಯ ಕೊಂಬು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಮಾರುವುದು ಅಪರಾಧ. ಎಷ್ಟು ಕೊಡುತ್ತೀರಿ ಎಂದು ಕೇಳುತ್ತ ಫೋಟೊ ಹಂಚುವುದು ಇನ್ನೂ ಮೂರ್ಖತನ. ಅದರ ಮಾತು ಅರಣ್ಯ ಇಲಾಖೆಯೊಡನೆ.

ಎರಡನೆಯ ಟ್ರಂಕಿನ ತಳದಲ್ಲಿ ಹಲಗೆಯಷ್ಟು ಗಟ್ಟಿಯಾದ, ಮಡಿಕೆ ಮಡಿಕೆಯಾದ ಕಪ್ಪು ಬಟ್ಟೆಯೊಂದು ಸಿಕ್ಕಿತು. ಒಲೆಗೆ ಹಾಕಬಹುದಾದ ಚಿಂದಿ ಎಂದೇ ಬದಿಗಿಟ್ಟಿದ್ದೆ. ಬೆಳಕಿಗೆ ಓರೆಯಾಗಿ ಹಿಡಿದಾಗ ಬಳಪದ ಬಿಳಿ ಅಕ್ಷರಗಳು ಕಂಡವು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಮಾಡಿದ, ಹಿಂದಿನವರು ಬರೆಯಲು ಬಳಸುತ್ತಿದ್ದ ಕಡತ ಅದು. ಒದ್ದೆ ಬಟ್ಟೆ ತಾಗಿಸಿದರೆ ಅಳಿಸಿಹೋಗುವ ಬರಹವಾದ್ದರಿಂದ ಒರೆಸಲು ಹೊರಟವರ ಕೈ ಹಿಡಿದು ನಿಲ್ಲಿಸಿ, ಹಾಗೆಯೇ ಕಾಗದದಲ್ಲಿ ಸುತ್ತಿಟ್ಟೆವು. 1972ರ ಪುರಾವಸ್ತು ಕಾಯ್ದೆ ಸಾಮಾನ್ಯ ವಸ್ತುಗಳನ್ನು ಪುರಾವಸ್ತುವೆಂದು ಗಣಿಸಲು ನೂರು ವರ್ಷದ ವಯಸ್ಸು ಕೇಳಿದರೆ, ಐತಿಹಾಸಿಕ ಅಥವಾ ಸಾಹಿತ್ಯಕ ಮಹತ್ವದ ಹಸ್ತಪ್ರತಿಗೆ 75 ವರ್ಷ ಸಾಕೆನ್ನುತ್ತದೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂಥ ಕಡತಗಳೂ ತಾಳೆಗರಿಗಳೂ ಇವೆ. ಓದಬಲ್ಲವರಿಗೆ ತೋರಿಸದೆ ಇದಕ್ಕೆ ಬೆಲೆ ಕಟ್ಟುವುದರಲ್ಲಿ ಅರ್ಥವಿಲ್ಲವೆಂದು ಮನೆಯವರೆಲ್ಲ ಒಪ್ಪಿದರು.

ಅದೇ ಟ್ರಂಕಿನಲ್ಲಿದ್ದ ರದ್ದಿಯನ್ನು ಮಾತ್ರ ದೊಡ್ಡಮ್ಮ ಯಾರಿಗೂ ಮುಟ್ಟಗೊಡಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಅವರ ತವರಿನವರು ಗದ್ದೆ, ತೋಟ ಬಿಟ್ಟು ಬಂದವರು. ಮುಳುಗಡೆಯ ಕುಟುಂಬಗಳಲ್ಲಿ ಅನೇಕರ ಜಮೀನಿನ ಹಕ್ಕಿನ ತಕರಾರು ಇಂದಿಗೂ ಮುಗಿದಿಲ್ಲ. ಒಂದು ಹಳೆಯ ರಶೀದಿ, ಒಂದು ಸರ್ವೆ ನಂಬರು, ಅಧಿಕಾರಿಯ ಮೊಹರಿರುವ ಒಂದು ತುಂಡು ಕಾಗದಕ್ಕಾಗಿ ಅವರು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ದೊಡ್ಡಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕುಳಿತು, ಕನ್ನಡಕ ಏರಿಸಿ, ಒಂದೊಂದು ಹಾಳೆಯನ್ನೂ ಬಿಡಿಸಿ ಓದಿ, ಇಸವಿಯ ಪ್ರಕಾರ ಜೋಡಿಸಲು ಎರಡು ಮಧ್ಯಾಹ್ನ ತೆಗೆದುಕೊಂಡರು. ನಾನು ರಜೆಯನ್ನು ಇನ್ನೊಂದು ದಿನ ಮುಂದುವರಿಸಿದೆ. ಗುಜರಿಯವರು ಮತ್ತೆ ಬಂದಾಗ ಅವರಿಗೆ ಸಿಕ್ಕಿದ್ದು ತೂತಾದ ಹಂಡೆ, ಆರು ಮುರುಕು ಪ್ಲಾಸ್ಟಿಕ್ ಕುರ್ಚಿ ಮತ್ತು ಖಾಲಿಯಾದ ಒಂದು ಟ್ರಂಕು.