ಹಾಡುಗಳ ನಡುವೆ ಬಂದ ದ್ವೇಷ

ಆಫ್ರಿಕಾದ ರುವಾಂಡಾ ದೇಶದ ಆರ್‌ಟಿಎಲ್‌ಎಂ ಎಂಬ ಖಾಸಗಿ ರೇಡಿಯೋ ಬಗ್ಗೆ ಓದುತ್ತಿದ್ದೇನೆ. ಮನಸ್ಸು ಅಲ್ಲಿಂದ ಕದಲುತ್ತಿಲ್ಲ. 1993ರ ಜುಲೈನಲ್ಲಿ ಶುರುವಾದ ಅದು ಯುವಕರ ಮೆಚ್ಚಿನ ಕೇಂದ್ರವಾಗಿತ್ತು. ಒಳ್ಳೆಯ ಹಾಡು, ಹರಟೆ, ಕೇಳುಗರ ಫೋನ್ ಕರೆ. ಸರ್ಕಾರಿ ರೇಡಿಯೋದ ಬಿಗುವಿನಿಂದ ಬೇಸತ್ತವರಿಗೆ ಹಿಡಿಸಿದ್ದು ಸಹಜ. ಆ ಹಾಡುಗಳ ನಡುವೆಯೇ ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಸಮುದಾಯದವರನ್ನು ಜಿರಳೆಗಳೆಂದು ಹೀಯಾಳಿಸುವುದು ದಿನನಿತ್ಯದ ಮಾತಾಯಿತು. ಆಗ ಆ ನಾಡನ್ನು ಆಳುತ್ತಿದ್ದ ಬೆಲ್ಜಿಯಂ ಆಡಳಿತ 1930ರ ದಶಕದಲ್ಲಿ ಗುರುತಿನ ಚೀಟಿಯ ಮೇಲೆ ಅಚ್ಚೊತ್ತಿದ ಬಹುಸಂಖ್ಯಾತ ಹುಟು, ಅಲ್ಪಸಂಖ್ಯಾತ ಟುಟ್ಸಿ ಎಂಬ ಭೇದ ಶಾಲೆ, ಕಚೇರಿಗಳಲ್ಲಿ ಮೊದಲೇ ಬೇರೂರಿತ್ತು. ರೇಡಿಯೋ ಅದಕ್ಕೆ ನೀರೆರೆಯಿತು, ಅಷ್ಟೇ. 1994ರ ಏಪ್ರಿಲ್‌ನಿಂದ ಸುಮಾರು 100 ದಿನಗಳಲ್ಲಿ ಎಂಟು ಲಕ್ಷದಷ್ಟು ಜನರ, ಹೆಚ್ಚಾಗಿ ಟುಟ್ಸಿಗಳ, ಕೊಲೆಯಾಯಿತು. ಕೊಲ್ಲಬೇಕಾದವರ ಹೆಸರುಗಳನ್ನೂ ಅದೇ ಕೇಂದ್ರ ಓದಿ ಹೇಳಿತು.

ತಡೆಯಲು ಯಾರೂ ಯತ್ನಿಸಲಿಲ್ಲವೆಂದಲ್ಲ. ವಾರ್ತಾ ಸಚಿವ ಫೌಸ್ಟಿನ್ ರುಚೊಗೋಜಾ ಆ ಕೇಂದ್ರಕ್ಕೆ ಮುಂಚೆಯೇ ಎಚ್ಚರಿಕೆ ಕೊಟ್ಟಿದ್ದರು. ಹತ್ಯಾಕಾಂಡ ಆರಂಭವಾದೊಡನೆ ಕೊಂದದ್ದು ಅಂಥವರನ್ನೇ. ಇದನ್ನು ಓದಿದಾಗಿನಿಂದ ತುಂಬಾ ಸಂಕಟವಾಗುತ್ತಿದೆ.