ಗಾಜನೂರಿನ ಗೇಟು, ಹೊನ್ನಾಳಿಯ ಮೆಟ್ಟಿಲು

ಕೆಲವು ವರ್ಷಗಳ ಹಿಂದಿನ ಒಂದು ಜುಲೈ ರಾತ್ರಿ, ಹೊನ್ನಾಳಿಯ ಬಳಿ ಹೊಳೆದಂಡೆಯಲ್ಲಿ ಗದ್ದೆ ಮಾಡುವ ನಮ್ಮ ಭಾವನವರ ಮೊಬೈಲಿಗೆ ತುಂಗಾ ಜಲಾಶಯದಿಂದ ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಡಲಾಗಿದೆ ಎಂಬ ಸಂದೇಶ ಸಕಾಲಕ್ಕೇ ಬಂದಿತ್ತು. ಅವರು ಅದನ್ನು ಓದಿಯೂ ಇದ್ದರು. ಬೆಳಗಾಗುವಷ್ಟರಲ್ಲಿ ದಂಡೆಯ ಮೇಲಿದ್ದ ಮೋಟಾರು ಮುಳುಗಿತ್ತು. ದಾವಣಗೆರೆಯಿಂದ ಫೋನು ಮಾಡಿದ ನಾನು, ಗೊತ್ತಿದ್ದೂ ಯಾಕೆ ಎತ್ತಿಡಲಿಲ್ಲ ಎಂದು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ. “ಕ್ಯೂಸೆಕ್ ಲೆಕ್ಕ ನನಗೇನು ತಿಳೀಬೇಕು? ಘಾಟಿನ ಎಷ್ಟನೇ ಮೆಟ್ಲು ಮುಳುಗುತ್ತೆ ಅಂತ ಹೇಳಿದ್ರೆ ರಾತ್ರೀನೇ ಎತ್ತಿಡ್ತಿದ್ದೆ” ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು ಎಂದು ನಾನು ಹೇಳಬಹುದಿತ್ತು. ಅದರಿಂದ ಅವರ ಮೋಟಾರು ಉಳಿಯುತ್ತಿರಲಿಲ್ಲ.

ಈ ಹೊಳೆಯ ಲೆಕ್ಕ ಒಂದೇ ಕಚೇರಿಯಲ್ಲಿ ಸಿಗುವಂಥದ್ದೂ ಅಲ್ಲ. ತುಂಗೆಗೆ ಗೇಟು ಹಾಕಿರುವ ಗಾಜನೂರು ಶಿವಮೊಗ್ಗ ಜಿಲ್ಲೆಯದು, ಭದ್ರೆಗೆ ಕಟ್ಟೆ ಕಟ್ಟಿರುವ ಲಕ್ಕವಳ್ಳಿ ಚಿಕ್ಕಮಗಳೂರು ಜಿಲ್ಲೆಯದು. ಎರಡೂ ಕೂಡಲಿಯಲ್ಲಿ ಸೇರಿ ಮುಂದೆ ನೀರು ನುಗ್ಗುವುದು ನಮ್ಮ ಹೊನ್ನಾಳಿ, ಹರಿಹರಗಳ ತಗ್ಗಿನ ಕೇರಿಗಳಿಗೆ. ಹರಿಹರದ ಸೇತುವೆ ದಾಟಿದರೆ ಆಚೆ ದಡ ಹಾವೇರಿ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗಕ್ಕೂ, ಹರಿಹರ ಚಿತ್ರದುರ್ಗಕ್ಕೂ ಸೇರಿದ್ದವು. ಗಡಿ ಎಲ್ಲಿ ಬದಲಾದರೂ ಹೊಳೆ ತನ್ನ ಪಾತ್ರ ಬದಲಿಸುವುದಿಲ್ಲ, ಆದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಯೋಜನೆ ಮಾಡಬೇಕಾದ ಪ್ರಾಧಿಕಾರ ಜಿಲ್ಲೆಗೊಂದು, ಅದರ ಅಧ್ಯಕ್ಷರು ಆಯಾ ಜಿಲ್ಲಾಧಿಕಾರಿಗಳು. ಹೀಗಾಗಿ ಮೇಲಿನ ಜಿಲ್ಲೆಯ ನೀರಾವರಿ ಎಂಜಿನಿಯರಿಗೆ ‘ಹೊರಹರಿವು’ ಆಗಿರುವುದು ಕೆಳಗಿನ ಜಿಲ್ಲೆಯ ತಹಶೀಲ್ದಾರರಿಗೆ ‘ನೆರೆ’ ಆಗಿ ತಲುಪುವ ಮೊದಲು ಯಾರೋ ಒಬ್ಬರು ಕುಳಿತು ಅದನ್ನು ತರ್ಜುಮೆ ಮಾಡಬೇಕಾಗುತ್ತದೆ.

ಆ ಕೆಲಸವನ್ನು ಮೋಟಾರು ಕಳೆದುಕೊಂಡ ಮೇಲೆ ಭಾವನವರೇ ಶುರು ಮಾಡಿದರು. ಹಾಲಿನ ಲೆಕ್ಕ ಬರೆಯುವ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಮೂರು ಗೆರೆ ಎಳೆದು, ಗಾಜನೂರಿನಿಂದ ಬಿಟ್ಟ ನೀರೆಷ್ಟು, ಯಾವ ಹೊತ್ತಿಗೆ ಬಿಟ್ಟರು, ಘಾಟಿನಲ್ಲಿ ಯಾವ ಹೊತ್ತಿಗೆ ಎಷ್ಟು ಮೆಟ್ಟಿಲು ಮುಳುಗಿದವು ಎಂದು ಬರೆದರು. ಒಂದು ಮಳೆಗಾಲ ಆ ಲೆಕ್ಕ ಚೆನ್ನಾಗಿಯೇ ತಾಳೆಯಾಯಿತು. ಮರುವರ್ಷ ತಪ್ಪಿತು. ತುಂಗಾ ಜಲಾಶಯ ಚಿಕ್ಕದು, ಮಲೆನಾಡಿನಲ್ಲಿ ಮುಂಗಾರು ಹಿಡಿದ ಕೂಡಲೇ ತುಂಬಿ ಗೇಟು ತೆರೆಯುತ್ತಾರೆ. ಭದ್ರೆಯದು ದೊಡ್ಡದು, 186 ಅಡಿಯ ಹತ್ತಿರ ಬರುವವರೆಗೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮರುವರ್ಷ ಎರಡೂ ಒಟ್ಟಿಗೆ ತೆರೆದಾಗ ಮೂರು ಗೆರೆಯ ಲೆಕ್ಕ ಸಾಲಲಿಲ್ಲ. ನಾಲ್ಕನೆಯ ಗೆರೆ ಬಂತು. ಕೂಡಲಿಯಿಂದ ಈಚೆಗೆ ಬಿದ್ದ ಮಳೆಗೆ ಐದನೆಯದು. ಹರಿಹರದವರು ಬರೆಯುವುದಾದರೆ, ಸೂಳೆಕೆರೆಯ ಕಡೆಯಿಂದ ಬಂದು ಅಲ್ಲೇ ಹೊಳೆ ಸೇರುವ ಹರಿದ್ರಾ ಹಳ್ಳಕ್ಕೆ ಇನ್ನೊಂದು ಗೆರೆ ಬೇಕಾದೀತು. ಅಪಾಯದ ಅಂದಾಜು ಎಂದು ತಜ್ಞರು ಹೇಳುವುದು ಬಹುಮಟ್ಟಿಗೆ ಇದನ್ನೇ ಎಂದು ನನ್ನ ತಿಳಿವಳಿಕೆ. ಒಂದೊಂದು ಗೆರೆಯ ಅಂಕಿಯೂ ಒಂದೊಂದು ಇಲಾಖೆಯ ಕೈಯಲ್ಲಿರುವುದರಿಂದ, ಯಾವುದೋ ಒಂದು ಬರದೇ ಹೋದರೂ ಉಳಿದವುಗಳಿಂದ ಪ್ರಯೋಜನವಾಗುವುದಿಲ್ಲ.

ಅಂಕಿಗಳಿಗೇನೂ ಬರವಿಲ್ಲ ಎನ್ನುವುದೇ ಬೇಸರದ ಸಂಗತಿ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ಬೆಂಗಳೂರಿನ ಸಂಸ್ಥೆ ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದು ನಿಲ್ಲಿಸಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ತಾವಾಗಿಯೇ ಲೆಕ್ಕ ಕಳುಹಿಸುತ್ತವೆ. ಚಳ್ಳಕೆರೆಯ ಶೇಂಗಾ ರೈತ ಮಳೆಗಾಗಿ ಮುಖ ಮೇಲೆತ್ತಿ ನಿಂತಿರುವ ದಿನವೇ ಹೊನ್ನಾಳಿಯಲ್ಲಿ ದೋಣಿ ಸಿದ್ಧವಾಗುವ ನಮ್ಮ ಸೀಮೆಯಲ್ಲಿ, ಬರವನ್ನೂ ನೆರೆಯನ್ನೂ ಒಂದೇ ಜಾಲ ಅಳೆಯುವುದು ಯೋಗ್ಯವೇ.

ಎಚ್ಚರಿಕೆ ಕಳುಹಿಸುವುದಕ್ಕೂ ಕಾಮನ್ ಅಲರ್ಟಿಂಗ್ ಪ್ರೋಟೋಕಾಲ್ ಎಂಬ ಒಂದು ಸಮಾನ ನಮೂನೆ ಇದೆ. ಘಟನೆ ಏನು, ಎಷ್ಟು ತುರ್ತು, ಎಷ್ಟು ತೀವ್ರ, ಎಷ್ಟು ಖಚಿತ, ಯಾವ ಪ್ರದೇಶಕ್ಕೆ, ಯಾವ ಹೊತ್ತಿನವರೆಗೆ ಎಂಬುದಕ್ಕೆಲ್ಲ ಅದರಲ್ಲಿ ಬೇರೆಬೇರೆ ಅಂಕಣಗಳಿದ್ದು, ಯಾವ ಇಲಾಖೆ ತುಂಬಿದರೂ ಇನ್ನೊಂದು ಇಲಾಖೆಯ ಯಂತ್ರ ಅದನ್ನು ಓದಬಲ್ಲದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆ ನಡೆಯುತ್ತಿರುವುದು ಇದರ ಮೇಲೆಯೇ. ಇದರಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಕೊನೆಯ ಅಂಕಣ. ವಾಟ್ಸ್ಆ್ಯಪಿನಲ್ಲಿ ಪ್ರತಿ ಆಗಸ್ಟಿನಲ್ಲಿಯೂ ಸುತ್ತುವ, ಯಾವ ವರ್ಷದ್ದೆಂದು ತಿಳಿಯದ ಸೇತುವೆಯ ವಿಡಿಯೋಗಳಿಗೆ ಇಲ್ಲದಿರುವುದು ಅದೇ ಅಂಕಣ. ಕಳೆದ ಸಲ ಅಂಥದ್ದೊಂದನ್ನು ನಂಬಿ ನಮ್ಮ ಅಕ್ಕ ಮೂಟೆಗಟ್ಟಲೆ ಭತ್ತವನ್ನು ಮಾಳಿಗೆಗೆ ಹೊರಿಸಿ, ಮರುದಿನ ಮತ್ತೆ ಇಳಿಸಿದರು.

ನೋಟ್‌ಬುಕ್ಕಿಗೂ ಒಂದು ಮಿತಿ ಇದೆ, ಅದು ಬರೆದವರ ಆಯುಷ್ಯದಷ್ಟೇ ಉದ್ದ. ಹಿರಿಯೂರಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. 89 ವರ್ಷ! ವೇದಾವತಿಯ ದಂಡೆಯಲ್ಲಿ ಹುಟ್ಟಿ ಮುದುಕರಾದವರಿಗೂ ಕೋಡಿಯ ನೀರು ಎಲ್ಲಿ ಹರಿಯುತ್ತದೆ ಎಂಬ ನೆನಪಿರಲಿಲ್ಲ. ಆಮೇಲೆ 2025ರ ಜನವರಿಯಲ್ಲಿಯೇ ಮತ್ತೊಮ್ಮೆ ಕೋಡಿ ಬಿತ್ತು. ಇಂಥ ಕಡೆ ನೆಚ್ಚಬೇಕಾದದ್ದು ಊರಿನವರ ನೆನಪನ್ನಲ್ಲ, ಅಣೆಕಟ್ಟೆಯ ಹಳೆಯ ದಾಖಲೆ ಪುಸ್ತಕಗಳನ್ನು. ಅವು ಕಪಾಟಿನಿಂದ ಹೊರಬಂದು ಕಂದಾಯ ಇಲಾಖೆಯ ನಕ್ಷೆಯ ಮೇಲೆ ಕೂರಬೇಕು.

ಮಾಹಿತಿ ಮೇಲಿನಿಂದ ಕೆಳಗೆ ಬಂದಷ್ಟೇ ಸಲೀಸಾಗಿ ಕೆಳಗಿನಿಂದ ಮೇಲಕ್ಕೆ ಹೋಗುವುದಿಲ್ಲ ಎನ್ನುವುದು ನನ್ನ ದೂರು. ಭಾವನವರ ನೋಟ್‌ಬುಕ್ಕಿನ ಪುಟಗಳನ್ನು ಹೋದ ತಿಂಗಳು ನಾನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ, ದಿನಾಂಕವಾರು ಜೋಡಿಸಿ, ಅವರ ಊರಿನ ಗ್ರಾಮ ಆಡಳಿತ ಅಧಿಕಾರಿಗೆ ಕೊಟ್ಟೆ. ಅವರು ಕುತೂಹಲದಿಂದಲೇ ತಿರುವಿ ಹಾಕಿ, ಇದನ್ನು ಯಾವ ಕಡತಕ್ಕೆ ಸೇರಿಸುವುದು ಎಂದು ಕೇಳಿದರು. ಸದ್ಯಕ್ಕೆ ಒಂದು ಪ್ರತಿ ಅವರ ಮೇಜಿನ ಮೇಲಿದೆ, ಇನ್ನೊಂದನ್ನು ಭಾವನವರು ಮೋಟಾರು ಮನೆಯ ಬಾಗಿಲಿಗೆ ಅಂಟಿಸಿದ್ದಾರೆ.